ಮಧ್ಯಾಹ್ನ ಮೂರಕ್ಕೆ ಬರುವ ಪ್ರಿಯಕರ

ಲಂಡನ್ನಿನ ಆಚೆ, ವಿಂಡ್ಸರ್‌ಗೆ ಹತ್ತಿರ, ಒಂದು ಒಪ್ಪವಾದ ಮನೆ. ಬೆಳಗ್ಗೆ ಕಚೇರಿಗೆ ಹೊರಟ ಗಂಡ ರಿಚರ್ಡ್ ಹೆಂಡತಿ ಸಾರಾಳ ಕೆನ್ನೆಗೊಂದು ಮುತ್ತಿಟ್ಟು, ಇವತ್ತು ನಿನ್ನ ಪ್ರಿಯಕರ ಬರುತ್ತಾನಾ ಎಂದು ವಿಚಾರಿಸುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಬರುತ್ತಾನೆ, ಮೂರು ಗಂಟೆಗೆ ಅನ್ನುತ್ತಾಳೆ ಅವಳು. ಸರಿ, ಹಾಗಾದರೆ ಸಂಜೆ ಆರರ ತನಕ ನಾನು ಈ ಕಡೆ ಬರುವುದಿಲ್ಲ ಎಂದು ಬ್ರೀಫ್‌ಕೇಸ್ ಹಿಡಿದು ಹೊರಡುತ್ತಾನೆ. ಮೂರು ಗಂಟೆಗೆ ಬಾಗಿಲ ಕರೆಗಂಟೆ ಸದ್ದು ಮಾಡುತ್ತದೆ. ಸಾರಾ ಬಿಗಿಯಾದ ಕಪ್ಪು ಉಡುಪು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಾಗಿಲು ತೆರೆದರೆ ಎದುರಿಗೆ ನಿಂತವನು ಹಾಲಿನವನು. ಕೆನೆ ತಗೊಳ್ಳಿ ಅಮ್ಮಾವ್ರೇ ಎಂದು ಒಂದೇ ಸಮನೆ ಗಂಟುಬೀಳುತ್ತಾನೆ. ಅವನನ್ನು ಸಾಗಹಾಕಿದ ಮೇಲೆ ಮತ್ತೊಮ್ಮೆ ಗಂಟೆ. ಈ ಸಲ ಬಂದವನು ಮ್ಯಾಕ್ಸ್ ಎಂಬ ಪ್ರಿಯಕರ. ನೋಡುತ್ತ ಕೂತವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ: ಸೂಟು, ಟೈ ಬಿಚ್ಚಿಟ್ಟು ಚರ್ಮದ ಜಾಕೆಟ್ ತೊಟ್ಟು ಬಂದಿರುವವನು ಅದೇ ರಿಚರ್ಡ್.

ಹೆರಾಲ್ಡ್ ಪಿಂಟರ್ ಬರೆದ 'ದಿ ಲವರ್' ನಾಟಕ ಇದು. 1963ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಖಾಸಗಿ ಟೀವಿ ವಾಹಿನಿಯಲ್ಲಿ ಮೊದಲು ಪ್ರಸಾರವಾಯಿತು, ಅದೇ ವರ್ಷ ಪ್ರಿ ಇಟಾಲಿಯಾ ಪ್ರಶಸ್ತಿ ಪಡೆಯಿತು, ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ಟ್ಸ್ ಥಿಯೇಟರಿನಲ್ಲಿ ರಂಗಕ್ಕೂ ಬಂತು. ಒಂದು ಗಂಟೆಗೂ ಕಡಿಮೆ ಅವಧಿಯ ಕೃತಿ. ದಾಂಪತ್ಯದಲ್ಲಿ ವೇಷ ಹಾಕಿ ಆಡುವ ಆಟ ಎಲ್ಲಿಯವರೆಗೆ ಆಟ, ಎಲ್ಲಿಂದ ಅಪಾಯ ಎಂಬುದನ್ನು ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ತೋರಿಸಿದ ಇನ್ನೊಂದು ಬರಹವನ್ನು ನಾನು ಓದಿಲ್ಲ. ಈ ವಿಷಯದ ಬಗ್ಗೆ ಸಲಹೆ ಕೊಡುವ ಪುಸ್ತಕಗಳು ಈಗ ರಾಶಿ ರಾಶಿ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಹುರಿದುಂಬಿಸುತ್ತವೆ, ಇಲ್ಲವೇ ಹೆದರಿಸುತ್ತವೆ. ಪಿಂಟರ್ ಎರಡನ್ನೂ ಮಾಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಪ್ಪಿ ಶುರುಮಾಡಿದ, ವರ್ಷಗಳಿಂದ ಸುಸೂತ್ರವಾಗಿ ನಡೆದ ಒಂದು ಏರ್ಪಾಡು ಎರಡೇ ದಿನದಲ್ಲಿ ಹೇಗೆ ಕುಸಿಯುತ್ತದೆ ಎಂದಷ್ಟೇ ತೋರಿಸುತ್ತಾನೆ.

ಕುಸಿತ ಶುರುವಾಗುವುದು ಬಹಳ ಸಣ್ಣದರಿಂದ. ಒಂದು ಸಂಜೆ ರಿಚರ್ಡ್ ಮನೆಗೆ ಬಂದಾಗ ಸಾರಾಳ ಕಾಲಲ್ಲಿ ಮಧ್ಯಾಹ್ನದ ಚಪ್ಪಲಿ ಇನ್ನೂ ಇದೆ. ಅವಳು ಬದಲಿಸಲು ಮರೆತಿದ್ದಾಳೆ. ಪ್ರಿಯಕರನಿಗೆ ಮೀಸಲಾದದ್ದು ಗಂಡನ ಹೊತ್ತಿಗೆ ನುಸುಳಿದೆ. ಅವನು ಮಾತಿಗೆ ಮಾತು ಸೇರಿಸುತ್ತಾನೆ. ನೀನು ಅವನ ಜೊತೆ ಇರುವಾಗ, ನಾನು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತ ಕೂತಿದ್ದೇನೆ ಅನ್ನುವುದು ನಿನಗೆ ನೆನಪಾಗುತ್ತದಾ ಎಂದು ಕೇಳುತ್ತಾನೆ. ಅವಳೂ ಬಿಡುವುದಿಲ್ಲ, ನಿನಗೂ ಒಬ್ಬಳು ಇದ್ದಾಳಲ್ಲ ಅನ್ನುತ್ತಾಳೆ. ಇದ್ದಾಳೆ, ಆದರೆ ಅವಳು ಪ್ರೇಯಸಿಯಲ್ಲ, ಬರೀ ಸೂಳೆ ಎಂದು ತಣ್ಣಗೆ ಉತ್ತರಿಸುತ್ತಾನೆ. ಆ 'ಅವಳು' ಕೂಡ ಸಾರಾಳೇ! ತಾನೇ ಹಾಕಿದ ವೇಷಕ್ಕೆ ಗಂಡ ಯಾವ ಬೆಲೆ ಕಟ್ಟುತ್ತಿದ್ದಾನೆ ಎಂಬುದು ಅವಳಿಗೆ ಆಗ ತಿಳಿಯುತ್ತದೆ. ಪ್ರೀತಿ ಎಂದುಕೊಂಡು ಆಡಿದ್ದು ಅವನ ಲೆಕ್ಕದಲ್ಲಿ ಬರೀ ಚಪಲ. ಇಲ್ಲಿ ಗಾಯವಾಗುತ್ತದೆ.

ಮರುದಿನ ಮ್ಯಾಕ್ಸ್ ಬರುತ್ತಾನೆ. ಪುಟ್ಟ ಜೋಡಿ ಡೋಲು ಬಾರಿಸಿಕೊಂಡು ಆಟ ಶುರುವಾಗುತ್ತದೆ. ಮೊದಲು ಅವನು ಪಾರ್ಕಿನಲ್ಲಿ ಹೆಂಗಸನ್ನು ಕಾಡುವ ಪುಂಡ, ಮರುಗಳಿಗೆ ಅವಳನ್ನು ಕಾಪಾಡಲು ಬಂದ ಪಾರ್ಕಿನ ಕಾವಲುಗಾರ. ಒಬ್ಬನೇ ಕಾಟ ಕೊಡುವವನು, ಒಬ್ಬನೇ ರಕ್ಷಕ. ಇಷ್ಟರ ನಡುವೆ ಇದ್ದಕ್ಕಿದ್ದಂತೆ ಮ್ಯಾಕ್ಸ್ ನಿಲ್ಲಿಸುತ್ತಾನೆ. ನಿನ್ನ ಗಂಡ ಇದನ್ನು ಹೇಗೆ ಸಹಿಸುತ್ತಾನೆ? ನನಗೂ ಹೆಂಡತಿ ಮಕ್ಕಳಿದ್ದಾರೆ, ಇನ್ನು ಸಾಕು, ಅಲ್ಲದೆ ನೀನು ತುಂಬ ಬಡಕಲು ಅನ್ನುತ್ತಾನೆ. ಸಂಜೆ ಸೂಟಿನಲ್ಲಿ ಮರಳಿದ ರಿಚರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ: ನನ್ನ ಮನೆಯಲ್ಲಿ ಈ ಲಂಪಟತನ ನಡೆಯಕೂಡದು ಎಂದು ಅಪ್ಪಣೆ ಕೊಡುತ್ತಾನೆ, ಕಪಾಟಿನಿಂದ ಡೋಲು ಎಳೆದು ತಂದು ಇದೇನು ಎಂದು ವಿಚಾರಣೆ ಮಾಡುತ್ತಾನೆ. ತನ್ನ ಕೈಯಾರೆ ಬಾರಿಸಿದ ಡೋಲನ್ನೇ ಸಾಕ್ಷಿಯಾಗಿ ಹಿಡಿದು ಹೆಂಡತಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾನೆ. ದಿಕ್ಕುತೋಚದ ಸಾರಾ ಎದುರೇಟು ಕೊಡುತ್ತಾಳೆ. ಅವನೊಬ್ಬನೇ ಬರುತ್ತಾನೆ ಅಂದುಕೊಂಡೆಯಾ? ಬೇರೆಯವರೂ ಬರುತ್ತಾರೆ ಅನ್ನುತ್ತಾಳೆ. ಇದು ನಿಜವೋ ಸುಳ್ಳೋ ನಾಟಕ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಅನುಮಾನದ ಕೆಲಸಕ್ಕೆ ಅಷ್ಟು ಸಾಕು.

ಕೊನೆಯಲ್ಲಿ ಗಂಡನ ಸೂಟಿನಲ್ಲಿರುವವನೇ ಡೋಲು ತಟ್ಟತೊಡಗುತ್ತಾನೆ, ಅವಳು ಮಧ್ಯಾಹ್ನದ ದನಿಗೆ ಜಾರುತ್ತಾಳೆ, ಇಬ್ಬರೂ ಮತ್ತೆ ಆಟಕ್ಕೆ ಇಳಿಯುತ್ತಾರೆ. ಗಂಡ ಮತ್ತು ಪ್ರಿಯಕರ ಕೊನೆಗೂ ಒಂದಾದರು, ದಾಂಪತ್ಯ ಗೆದ್ದಿತು ಎಂದು ಅನೇಕ ವಿಮರ್ಶಕರು ಇದನ್ನು ಓದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಷ್ಟು ದಿನ ಆ ಮನೆಯಲ್ಲಿ ವೇಷಕ್ಕೊಂದು ಹೊತ್ತಿತ್ತು, ವೇಷವಿಲ್ಲದೆ ಬದುಕಲು ಮತ್ತೊಂದು ಹೊತ್ತಿತ್ತು. ಬೆಳಗ್ಗೆ ಯಾರು ಯಾರೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಈಗ ಆ ಗಡಿ ಅಳಿಸಿಹೋಗಿದೆ. ಬಣ್ಣ ಕಳಚಿ ಕೂರಲು ಅವರಿಗೆ ಚೌಕಿಯೇ ಉಳಿದಿಲ್ಲ.

ಟೀವಿಯಲ್ಲೂ ರಂಗದಲ್ಲೂ ಸಾರಾಳ ಪಾತ್ರ ಮಾಡಿದವಳು ವಿವಿಯನ್ ಮರ್ಚೆಂಟ್, ಪಿಂಟರನ ಹೆಂಡತಿ. ಮದುವೆಯಾದದ್ದು 1956ರಲ್ಲಿ. ಅವನ ಆರಂಭದ ನಾಟಕಗಳ ಹೆಣ್ಣು ಪಾತ್ರಗಳಿಗೆ ಜೀವ ಕೊಟ್ಟವಳು ಅವಳೇ. ಗಂಡ ಬರೆದ, ಗಂಡನಿಂದ ಅಡಗಿಸಲು ಏನೂ ಇಲ್ಲದ ಹೆಂಡತಿಯ ಪಾತ್ರವನ್ನು ಅವಳು ಆಡುತ್ತಿದ್ದಾಗ ನಿಜ ಜೀವನದಲ್ಲಿ ಅಡಗಿಸುತ್ತಿದ್ದವನು ಗಂಡ. ಟೀವಿ ನಿರೂಪಕಿ ಜೋನ್ ಬೇಕ್‌ವೆಲ್ ಜೊತೆ ಅವನ ಗುಟ್ಟಿನ ಸಂಬಂಧ 1962ರಲ್ಲಿ ಶುರುವಾಗಿ ಏಳು ವರ್ಷ ನಡೆಯಿತು. ಮುಂದೆ 1978ರಲ್ಲಿ ಅದನ್ನೇ ಎತ್ತಿಕೊಂಡು 'ಬಿಟ್ರೇಯಲ್' ಬರೆದ. ಇದರ ತಿರುವು ಸ್ವಾರಸ್ಯದ್ದು. ಬೇಕ್‌ವೆಲ್‌ಳ ಗಂಡನಿಗೆ ವಿಷಯ ವರ್ಷಗಳ ಹಿಂದೆಯೇ ಗೊತ್ತಾಗಿತ್ತು, ಗೊತ್ತಿದ್ದೂ ಅವನು ಪಿಂಟರ್ ಜೊತೆ ಎಂದಿನಂತೆ ಗೆಳೆಯನಾಗಿಯೇ ಇದ್ದ. ಇದು ತಿಳಿದಾಗ ಪಿಂಟರನಿಗೆ ತನಗೇ ದ್ರೋಹವಾಯಿತು ಅನ್ನಿಸಿತಂತೆ! ಮೋಸ ಮಾಡುತ್ತಿದ್ದವನಿಗೆ, ತನಗೆ ಗೊತ್ತಿಲ್ಲದಂತೆ ಇನ್ನೊಬ್ಬ ತನ್ನ ಮೋಸವನ್ನು ನೋಡುತ್ತಿದ್ದ ಎಂಬ ಸಂಕಟ. ನಗಬೇಕೋ ಮರುಗಬೇಕೋ ತಿಳಿಯದು. 1975ರಲ್ಲಿ ಪಿಂಟರ್ ಲೇಖಕಿ ಆಂಟೋನಿಯಾ ಫ್ರೇಸರ್ ಜೊತೆ ಇರಲು ಮನೆ ಬಿಟ್ಟ. ಅವನು ಬೇರೆ ಚಪ್ಪಲಿ ಒಯ್ಯಬೇಕಿಲ್ಲ, ಅವಳದ್ದೇ ಹಾಕಿಕೊಳ್ಳಬಹುದು, ಅವಳ ಪಾದಗಳು ಅಷ್ಟು ದೊಡ್ಡವು ಎಂದು ವಿವಿಯನ್ ಪತ್ರಿಕೆಯವರ ಮುಂದೆ ಕುಟುಕಿದ್ದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1980ರಲ್ಲಿ ವಿಚ್ಛೇದನ. ಕುಡಿತಕ್ಕೆ ಬಿದ್ದ ವಿವಿಯನ್ 1982ರಲ್ಲಿ, 53ರ ವಯಸ್ಸಿಗೆ ತೀರಿಕೊಂಡಳು.

ಈ ಬದುಕಿನ ಕಥೆಯನ್ನು ಇಲ್ಲಿ ತಂದದ್ದು ಚಾಡಿಗಾಗಿ ಅಲ್ಲ. ಇಬ್ಬರೂ ಬಲ್ಲ ಆಟ ಒಂದು, ಒಬ್ಬರೇ ಬಲ್ಲ ಆಟ ಮತ್ತೊಂದು. ರಿಚರ್ಡ್ ಮತ್ತು ಸಾರಾ ಆಡಿದ್ದು ಮೊದಲನೆಯದು. ಅದು ಕೆಟ್ಟರೂ ಅಲ್ಲಿ ಮೋಸಹೋದವರು ಯಾರೂ ಇಲ್ಲ. ಎರಡನೆಯದರಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರು ತಮಗೇ ಅರಿವಿಲ್ಲದೆ ಕಾಯಿಯಾಗುತ್ತಾರೆ. ದಾಂಪತ್ಯದ ಆಟಗಳ ಬಗ್ಗೆ ಮಾತಾಡುವವರು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ಎರಡರ ಅಪಾಯ ಬೇರೆ ಬೇರೆ.

ಮೊದಲು ಮೊದಲನೆಯದು. ಮದುವೆಯಾಗಿ ಹತ್ತು ವರ್ಷವಾದ ಜೋಡಿ ಒಂದು ಸಂಜೆ ಹೋಟೆಲಿನಲ್ಲಿ ಪರಸ್ಪರ ಗುರುತಿಲ್ಲದವರಂತೆ ಭೇಟಿಯಾಗಿ, ಸುಳ್ಳು ಹೆಸರು ಹೇಳಿ, ಹೊಸದಾಗಿ ಪರಿಚಯ ಮಾಡಿಕೊಂಡರೆ ಅದರಲ್ಲಿ ಏನಿದೆ ಅಂಥ ಸುಖ? ಬೆಲ್ಜಿಯಂ ಮೂಲದ ಚಿಕಿತ್ಸಕಿ ಎಸ್ತರ್ ಪೆರೆಲ್ 2006ರ ತಮ್ಮ ಪುಸ್ತಕದಲ್ಲಿ ಕೊಡುವ ವಿವರಣೆ ಸರಳ. ಸಂಸಾರಕ್ಕೆ ಬೇಕಾದದ್ದು ಹತ್ತಿರ, ಭದ್ರತೆ, ನಾಳೆಯೂ ಇವನು ಇವನೇ ಎಂಬ ಭರವಸೆ. ಕಾಮಕ್ಕೆ ಬೇಕಾದದ್ದು ಸ್ವಲ್ಪ ದೂರ, ಸ್ವಲ್ಪ ಅಪರಿಚಿತತೆ. ಎರಡನ್ನೂ ಒಬ್ಬರಿಂದಲೇ ಕೇಳುತ್ತೇವೆ. ವೇಷ ಆ ದೂರವನ್ನು ಒಂದು ಸಂಜೆಯ ಮಟ್ಟಿಗೆ ಸಾಲ ತಂದುಕೊಡುತ್ತದೆ.

ಇದಕ್ಕೆ ಭಯವೂ ಕೂಡಿದರೆ ಕಾವು ಇನ್ನೂ ಏರುತ್ತದೆ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಮನೋವಿಜ್ಞಾನಿಗಳು ಕೆನಡಾದ ವ್ಯಾಂಕೂವರ್ ಬಳಿಯ ಕ್ಯಾಪಿಲಾನೊ ತೂಗುಸೇತುವೆಯಲ್ಲಿ ಒಂದು ಪ್ರಯೋಗ ಮಾಡಿದರು. 450 ಅಡಿ ಉದ್ದದ, 230 ಅಡಿ ಎತ್ತರದಲ್ಲಿ ಜೋಲಾಡುವ ಸೇತುವೆ. ಅದರ ಮೇಲೆ ಒಬ್ಬ ಯುವತಿ ಗಂಡಸರಿಗೆ ಕೆಲವು ಪ್ರಶ್ನೆ ಕೇಳಿ, ವಿವರ ಬೇಕಿದ್ದರೆ ಕರೆ ಮಾಡಿ ಎಂದು ಫೋನ್ ನಂಬರ್ ಕೊಟ್ಟಳು. ಹತ್ತಿರದ ಗಟ್ಟಿ ಸೇತುವೆಯ ಮೇಲೂ ಹಾಗೇ ಮಾಡಿದಳು. ನಡುಗುತ್ತ ದಾಟಿದವರಲ್ಲಿ ಹೆಚ್ಚು ಮಂದಿ ಆಮೇಲೆ ಅವಳಿಗೆ ಕರೆ ಮಾಡಿದರು. ಎದೆ ಬಡಿದುಕೊಂಡದ್ದು ಎತ್ತರದ ಭಯಕ್ಕೆ, ಅವರ ಮನಸ್ಸು ಅದನ್ನು ಯುವತಿಯ ಖಾತೆಗೆ ಬರೆದುಕೊಂಡಿತು ಎಂಬುದು ಸಂಶೋಧಕರ ತೀರ್ಮಾನ. ಅದನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೂ ನಮ್ಮ ವಿಷಯಕ್ಕೆ ಒಂದು ಸುಳಿವು ಇಲ್ಲಿದೆ. ಅಸೂಯೆಯೂ ಎದೆ ಬಡಿತ ಏರಿಸುತ್ತದೆ, ಕೈ ಬೆವರಿಸುತ್ತದೆ. ಹೆಂಡತಿ ಬೇರೊಬ್ಬನೊಡನೆ ನಗುವಂತೆ ನಟಿಸಿದಾಗ ಗಂಡನಿಗೆ ಏಳುವ ಬಿಸಿ ಯಾವುದರದ್ದು? ಆಸೆಯದ್ದೋ ಉರಿಯದ್ದೋ? ಆ ಹೊತ್ತಿಗೆ ಅವನಿಗೂ ಗೊತ್ತಾಗುವುದಿಲ್ಲ. ಬೆಳಗಾದ ಮೇಲೆ ಆಸೆ ಇಳಿದಿರುತ್ತದೆ, ಉರಿ ಉಳಿದಿರುತ್ತದೆ. ಎಷ್ಟು ಚೆನ್ನಾಗಿ ನಟಿಸಿದಳು! ಅಷ್ಟು ಚೆನ್ನಾಗಿ ಹೇಗೆ ಬಂತು? ಇಲ್ಲಿಂದ ಶುರು.

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫ್ಲೈಶ್‌ಹ್ಯಾಕರ್ ಮೃಗಾಲಯದಲ್ಲಿ ಎರಡು ಮರಿಕೋತಿಗಳ ಕಾದಾಟ ನೋಡುತ್ತ ನಿಂತಿದ್ದ. ಕಾದಾಟದಂತೆಯೇ ಇದೆ, ಆದರೆ ಕಾದಾಟವಲ್ಲ. ಅದು ನೋಡುವವನಿಗೂ ಗೊತ್ತಾಗುತ್ತದೆ, ಕೋತಿಗಳಿಗೂ ಗೊತ್ತಿದೆ. ಅಂದರೆ 'ಇದು ಆಟ' ಎಂಬ ಸಂದೇಶವನ್ನು ಅವು ಒಂದಕ್ಕೊಂದು ಕಳಿಸುತ್ತಿರಲೇಬೇಕು. ಹಲ್ಲು ತಾಗಿಸಿದರೂ ಅದು ಕಚ್ಚುವುದಲ್ಲ. 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳಿದ: ಕೆಲವು ಆಟಗಳು 'ಇದು ಆಟ' ಎಂಬ ನಂಬಿಕೆಯ ಮೇಲಲ್ಲ, 'ಇದು ಆಟವೇ?' ಎಂಬ ಪ್ರಶ್ನೆಯ ಮೇಲೆ ನಿಲ್ಲುತ್ತವೆ. ಬಾಜಿ ಹೆಚ್ಚಿದ ದಾಂಪತ್ಯದ ಆಟಗಳೆಲ್ಲ ಈ ಎರಡನೇ ಜಾತಿಯವು. ಅವುಗಳ ರೋಮಾಂಚನ ಇರುವುದೇ ಆ ಪ್ರಶ್ನೆಯಲ್ಲಿ. ಹಲ್ಲು ತಾಗಿತೋ, ಇಳಿಯಿತೋ?

ಆದ್ದರಿಂದಲೇ ಇಂಥ ಆಟಗಳನ್ನು ಬಲ್ಲವರು ನಿಲುಗಡೆಯ ಮಾತೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಪಾತ್ರದೊಳಗೆ 'ಬೇಡ ಬೇಡ' ಅನ್ನುವುದೂ ಸಂಭಾಷಣೆಯ ಭಾಗವಾಗಿರಬಹುದಾದ್ದರಿಂದ ಆ ಮಾತು ಕಥೆಗೆ ಸಂಬಂಧವೇ ಇಲ್ಲದ ಒಂದು ಶಬ್ದವಾಗಿರಬೇಕು. ಕೆಲವರು ರಸ್ತೆಯ ಸಿಗ್ನಲ್ಲಿನ ಬಣ್ಣಗಳನ್ನೇ ಬಳಸುತ್ತಾರೆ: ಕೆಂಪು ಅಂದರೆ ಅಲ್ಲಿಗೆ ನಿಂತಿತು, ಹಳದಿ ಅಂದರೆ ನಿಧಾನ. ಪಶ್ಚಿಮದವರು ಇದಕ್ಕೊಂದು ಶಾಸ್ತ್ರವನ್ನೇ ಕಟ್ಟಿದ್ದಾರೆ. ನಮ್ಮ ಬೀದಿಯ ಮಕ್ಕಳಿಗೆ ಇದು ಯಾವತ್ತಿನಿಂದಲೋ ಗೊತ್ತು. ಮುಟ್ಟಾಟದಲ್ಲಿ ಓಡುತ್ತ ಚಪ್ಪಲಿ ಕಿತ್ತರೆ 'ಟೈಂಪ್ಲೀಸ್' ಎಂದು ಹೆಬ್ಬೆರಳು ಎತ್ತುತ್ತಾರೆ. ಹಿಡಿಯಲು ಬಂದವನು ಎಂಥ ತುಂಟನಾದರೂ ನಿಲ್ಲುತ್ತಾನೆ. ನಿಲ್ಲದವನನ್ನು ಮರುದಿನ ಆಟಕ್ಕೆ ಸೇರಿಸುವುದಿಲ್ಲ.

ಈಗ ಮುಜುಗರದ ಪ್ರಶ್ನೆ. ನಮ್ಮ ಮನೆಗಳಲ್ಲಿ ಎಷ್ಟು ಹೆಂಡತಿಯರು ಹೆಬ್ಬೆರಳು ಎತ್ತಬಲ್ಲರು? ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ಎರಡನೇ ವಿನಾಯಿತಿ ಈಗಲೂ, ಹೆಂಡತಿ 18 ದಾಟಿದ್ದರೆ ಗಂಡನ ಬಲಾತ್ಕಾರವನ್ನು ಅತ್ಯಾಚಾರ ಎಂದು ಕರೆಯುವುದಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ, ಗಂಡನಾದ ಮಾತ್ರಕ್ಕೆ ಅಪರಾಧ ಬೇರೆಯಾಗದು ಎಂದರು. ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಂದರೆ ಕಾನೂನಿನ ಕಣ್ಣಿಗೆ ಇನ್ನೂ ಹೆಂಡತಿಯ 'ಬೇಡ' ಪೂರ್ತಿ ತೂಕದ ಮಾತಲ್ಲ. ಹೀಗಿರುವಾಗ, ನಮ್ಮಿಬ್ಬರಿಗೂ ಒಪ್ಪಿಗೆಯಿದೆ ಎಂದು ಗಂಡ ಹೇಳುವ ಆಟದಲ್ಲಿ ಅವಳ ಒಪ್ಪಿಗೆ ಎಷ್ಟಿದೆ ಎಂದು ಒಂದಲ್ಲ ಎರಡು ಸಲ ಕೇಳಿಕೊಳ್ಳಬೇಕಾದದ್ದು ನ್ಯಾಯ. ಬೇಡ ಅನ್ನಲಾಗದವಳು ಹೂಂ ಅಂದದ್ದಕ್ಕೆ ಒಪ್ಪಿಗೆ ಅನ್ನುವುದಿಲ್ಲ. ಮೊಬೈಲಿನಲ್ಲಿ ಇಂಥ ಆಟವನ್ನು ಚಿತ್ರಿಸಿಕೊಳ್ಳುವ ಚಪಲವಂತೂ ಇನ್ನೂ ಕೆಟ್ಟದ್ದು. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು ಆಗಬಹುದು. ಅಲ್ಲಿ ಗಂಡನಿಗೆ ವಿನಾಯಿತಿ ಇಲ್ಲ.

ಇನ್ನು ಎರಡನೇ ಬಗೆ. ಇದನ್ನು ಆಟ ಎಂದು ಕರೆಯುವುದೇ ತಪ್ಪು. ಇದು ಪರೀಕ್ಷೆ.

ಹಂಗೇರಿಯ ಫೆರೆಂಕ್ ಮೊಲ್ನಾರ್ 1910ರಲ್ಲಿ ಬುಡಾಪೆಸ್ಟಿನಲ್ಲಿ ಆಡಿಸಿದ ಹಾಸ್ಯನಾಟಕವೊಂದು ಇಂಗ್ಲಿಷಿನಲ್ಲಿ 'ದಿ ಗಾರ್ಡ್ಸ್‌ಮನ್' ಎಂದು ಹೆಸರಾಯಿತು. ಗಂಡ ಹೆಂಡತಿ ಇಬ್ಬರೂ ನಟರು. ಮದುವೆಯಾಗಿ ಆರು ತಿಂಗಳು. ಅವಳ ಹಿಂದಿನ ಪ್ರೇಮಗಳು ಯಾವುವೂ ಆರು ತಿಂಗಳು ದಾಟಿಲ್ಲ ಎಂಬ ಲೆಕ್ಕ ಗಂಡನನ್ನು ಕೊರೆಯುತ್ತದೆ. ಅವಳು ಕನಸುವುದು ಸಿಪಾಯಿಯೊಬ್ಬನನ್ನು ಎಂದು ಊಹಿಸಿ, ತಾನೇ ಮೀಸೆ ಅಂಟಿಸಿಕೊಂಡು ರಾಜರಕ್ಷಕ ದಳದ ಅಧಿಕಾರಿಯ ವೇಷದಲ್ಲಿ ಅವಳನ್ನು ಒಲಿಸಿಕೊಳ್ಳಲು ಹೊರಡುತ್ತಾನೆ. ಅವಳು ಒಲಿಯುತ್ತಾಳೆ. ವೇಷ ಕಳಚಿ ಗುಡುಗಿದಾಗ ಅವಳು ನಕ್ಕು, ಮೊದಲ ಗಳಿಗೆಯಲ್ಲೇ ಗುರುತು ಹಿಡಿದಿದ್ದೆ, ನಿನ್ನ ನಟನೆಗೆ ಸಾಥ್ ಕೊಟ್ಟೆ ಅಷ್ಟೇ ಅನ್ನುತ್ತಾಳೆ. ನಿಜವೇ? ಅವಳು ಅವನಿಗಿಂತ ಒಳ್ಳೆಯ ನಟಿ. ಗಂಡನಿಗೆ ಬದುಕಿಡೀ ಉತ್ತರ ಸಿಗದು. ತಮಾಷೆಯೆಂದರೆ ಇದನ್ನು 1924ರಲ್ಲಿ ಬ್ರಾಡ್‌ವೇಯಲ್ಲಿ ಆಡಿ ಗೆದ್ದವರು ಆಲ್ಫ್ರೆಡ್ ಲಂಟ್ ಮತ್ತು ಲಿನ್ ಫಾಂಟನ್ ಎಂಬ ನಿಜದ ಗಂಡ ಹೆಂಡತಿ. 1931ರಲ್ಲಿ ಸಿನಿಮಾ ಆದಾಗಲೂ ಅವರೇ ನಟಿಸಿದರು, ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಬಂತು. ಅವರ ದಾಂಪತ್ಯ ಸಾಯುವ ತನಕ ಗಟ್ಟಿಯಾಗಿತ್ತು. ವೇಷ ರಂಗದ ಮೇಲಿದ್ದರೆ ಯಾರಿಗೂ ಕೆಡುಕಿಲ್ಲ.

ಮೊಲ್ನಾರ್ ತೋರಿಸಿದ ಸಿಕ್ಕು ಎಲ್ಲ ಪರೀಕ್ಷೆಗಳಿಗೂ ಅನ್ವಯ. ಅವಳು ಸೋತರೆ ನೀವು ಸೋತಿರಿ. ಅವಳು ಗೆದ್ದರೆ, ಅದು ನಿಷ್ಠೆಯೋ ಅಥವಾ ಗುರುತು ಹಿಡಿದ ಜಾಣತನವೋ ಎಂದು ಮತ್ತೆ ಅನುಮಾನ. ಆಗ ಇನ್ನೂ ಕಠಿಣವಾದ ಪ್ರಶ್ನೆಪತ್ರಿಕೆ ತಯಾರಾಗುತ್ತದೆ. 1605ರಲ್ಲಿ ಪ್ರಕಟವಾದ 'ಡಾನ್ ಕ್ವಿಹೋಟೆ'ಯ ಮೊದಲ ಭಾಗದಲ್ಲಿ ಸೆರ್ವಾಂಟಿಸ್ ಒಂದು ಉಪಕಥೆ ಸೇರಿಸಿದ್ದಾನೆ. ಫ್ಲಾರೆನ್ಸಿನ ಆನ್ಸೆಲ್ಮೋಗೆ ಹೆಂಡತಿ ಕಮೀಲಾಳ ಮೇಲೆ ಎಳ್ಳಷ್ಟೂ ದೂರಿಲ್ಲ. ಆದರೂ ಪರೀಕ್ಷೆಗೆ ಒಡ್ಡದ ನಿಷ್ಠೆ ನಿಷ್ಠೆಯೇ ಎಂಬ ಹುಳ ತಲೆಗೆ ಹೊಕ್ಕಿದೆ. ಜೀವದ ಗೆಳೆಯ ಲೊತಾರಿಯೋಗೆ ಗಂಟುಬಿದ್ದು, ನನ್ನ ಹೆಂಡತಿಯನ್ನು ಒಲಿಸಲು ನೋಡು ಅನ್ನುತ್ತಾನೆ. ಗೆಳೆಯ ತಿಳಿಹೇಳುತ್ತಾನೆ, ತಪ್ಪಿಸಿಕೊಳ್ಳುತ್ತಾನೆ, ಕೊನೆಗೆ ಒಪ್ಪುತ್ತಾನೆ. ಮೊದಮೊದಲು ಕಮೀಲಾ ಗಂಡನಿಗೆ ದೂರು ಬರೆಯುತ್ತಾಳೆ. ಗಂಡ ಊರು ಬಿಟ್ಟು ಕೂತಿದ್ದಾನೆ, ಬರುವುದಿಲ್ಲ. ಆಮೇಲೆ ನಟನೆ ನಿಜವಾಗುತ್ತದೆ. ಆನ್ಸೆಲ್ಮೋ ಕೊರಗಿ ಸಾಯುತ್ತಾನೆ, ಗೆಳೆಯ ಯುದ್ಧದಲ್ಲಿ, ಕಮೀಲಾ ಕಾನ್ವೆಂಟಿನಲ್ಲಿ. ಅಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ನನ್ನ ತೀರ್ಪು ಗಂಡನ ವಿರುದ್ಧ.

1790ರ ಜನವರಿಯಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡ ಮೊಜಾರ್ಟ್‌ನ ಸಂಗೀತ ನಾಟಕ 'ಕೋಸಿ ಫಾನ್ ತುಟ್ಟೆ' ಇದನ್ನೇ ನಗೆಯಾಟ ಮಾಡಿತು. ಇಬ್ಬರು ಸಿಪಾಯಿಗಳು ಪಂತ ಕಟ್ಟಿ, ಯುದ್ಧಕ್ಕೆ ಹೋದಂತೆ ನಟಿಸಿ, ಅಲ್ಬೇನಿಯಾದವರ ವೇಷದಲ್ಲಿ ಮರಳಿ, ಒಬ್ಬ ಇನ್ನೊಬ್ಬನ ಹುಡುಗಿಯನ್ನು ಒಲಿಸುತ್ತಾನೆ. ಕೊನೆಗೆ ಎಲ್ಲರೂ ರಾಜಿಯಾಗುತ್ತಾರೆ ಎಂದು ಕಥೆ ಹೇಳುತ್ತದೆ. ಮೊಜಾರ್ಟ್‌ನ ಸಂಗೀತ ಬೇರೆ ಹೇಳುತ್ತದೆ: ಇಡೀ ನಾಟಕದ ಅತ್ಯಂತ ಪ್ರಾಮಾಣಿಕವಾದ ಪ್ರೇಮಗೀತೆ ಇರುವುದು ವೇಷದ ಜೋಡಿಗೆ. ಕೊನೆಯಲ್ಲಿ ಯಾರ ಕೈಯನ್ನು ಯಾರಿಗೆ ಹಿಡಿಸಬೇಕು ಎಂದು ನಿರ್ದೇಶಕರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ರೀತಿ ತೀರ್ಮಾನಿಸುತ್ತಾರೆ.

ಕನ್ನಡದವರಿಗೆ ಇಷ್ಟು ಹೊತ್ತಿಗೆ 'ನಾಗಮಂಡಲ' ನೆನಪಾಗಿರಬೇಕು. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು 1980ರ ದಶಕದ ಕೊನೆಗೆ ಕಟ್ಟಿದ ನಾಟಕ. 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಅಪ್ಪಣ್ಣ ಮಧ್ಯಾಹ್ನ ಊಟಕ್ಕೆ ಬಂದು, ಉಂಡು, ಹೆಂಡತಿ ರಾಣಿಯನ್ನು ಒಳಗೆ ಕೂಡಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ನಾಗ ಅದೇ ಅಪ್ಪಣ್ಣನ ರೂಪದಲ್ಲಿ ಬಂದು ಪ್ರೀತಿಯಿಂದ ಮಾತಾಡುತ್ತಾನೆ. ಪಿಂಟರನಲ್ಲಿ ಮಧ್ಯಾಹ್ನ ಪ್ರಿಯಕರನದ್ದು, ಸಂಜೆ ಗಂಡನದ್ದು. ಇಲ್ಲಿ ಅದು ತಿರುಗುಮುರುಗು. ಹಗಲಿಗೊಂದು ಥರ ರಾತ್ರಿಗೊಂದು ಥರ ಯಾಕೆ ಎಂದು ಕೇಳಬಾರದು ಎಂಬುದು ನಾಗನ ಷರತ್ತು. ರಾಣಿ ಕೇಳುವುದಿಲ್ಲ. ಅವಳಿಗೆ ಯಾವಾಗ ಗೊತ್ತಾಯಿತು, ಗೊತ್ತೇ ಆಗಲಿಲ್ಲವೇ? ಕಾರ್ನಾಡರು ಅದನ್ನು ಬಿಗಿಯಾಗಿ ಮುಚ್ಚಿಟ್ಟಿದ್ದಾರೆ. ಅವಳು ಬಸುರಾದಾಗ ದಿನವೂ ಬೀಗ ಹಾಕಿದ ಗಂಡನೇ ಪಂಚರ ಮುಂದೆ ನಿಲ್ಲಿಸಿ ಹುತ್ತಕ್ಕೆ ಕೈ ಹಾಕಿಸುತ್ತಾನೆ. ತಾನು ಹೊರಗೆ ಹೋದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆ ಯಾವಾಗಲೂ ಹೀಗೆಯೇ, ಪರೀಕ್ಷಕನ ಪ್ರಶ್ನೆಪತ್ರಿಕೆಯಲ್ಲಿ ಪರೀಕ್ಷಕನ ಮೇಲೊಂದು ಪ್ರಶ್ನೆಯೂ ಇರುವುದಿಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನಾಗನ ಗತಿ. ಯಾರ ರೂಪ ಹೊತ್ತು ಸುಖ ಉಂಡನೋ ಅದೇ ಅಪ್ಪಣ್ಣನ ಮೇಲೆ ಕೊನೆಗೆ ಅವನಿಗೆ ಮತ್ಸರ. ಮ್ಯಾಕ್ಸ್‌ನ ಮೇಲೆ ರಿಚರ್ಡ್‌ಗೆ ಬಂದದ್ದೂ ಅದೇ. ವೇಷದ ಹಾದಿಯಲ್ಲಿ ಕೊನೆಗೆ ಎದುರಾಗುವ ಎದುರಾಳಿ ಹೆಚ್ಚಾಗಿ ಹೊರಗಿನವನಾಗಿರುವುದಿಲ್ಲ. ಅವಳು ನನ್ನನ್ನು ಮೆಚ್ಚಿದಳೋ ನನ್ನ ವೇಷವನ್ನೋ ಎಂಬ ಪ್ರಶ್ನೆ ಗಂಡನನ್ನು ತಿನ್ನುತ್ತದೆ. ಹೆಂಡತಿಯನ್ನೂ ತಿನ್ನುತ್ತದೆ, ಆದರೆ ಅವಳ ಮಾತು ನಾಟಕಗಳಲ್ಲೂ ಕಡಿಮೆ ಕೇಳಿಸುತ್ತದೆ.

ಈಗ ಮೀಸೆ ಅಂಟಿಸಿಕೊಳ್ಳುವ ಶ್ರಮ ಬೇಕಿಲ್ಲ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಒಂದು ಸುಳ್ಳು ಖಾತೆ ತೆರೆದು, ಯಾರದ್ದೋ ಚಂದದ ಫೋಟೋ ಹಾಕಿ, ಸ್ವಂತ ಗಂಡನಿಗೆ ಅಥವಾ ಹೆಂಡತಿಗೆ 'ಹಾಯ್' ಕಳಿಸಿದರೆ ಮುಗಿಯಿತು. ಅಮೆರಿಕದಲ್ಲಿ ದುಡ್ಡು ಕೊಟ್ಟರೆ ನಿಮ್ಮ ಪರವಾಗಿ ಸರಸದ ಸಂದೇಶ ಕಳಿಸಿ, ಬಂದ ಉತ್ತರದ ಸ್ಕ್ರೀನ್‌ಶಾಟ್ ತಂದುಕೊಡುವವರು ಇದ್ದಾರೆ, ಅದಕ್ಕೆ ನಿಷ್ಠೆಯ ಪರೀಕ್ಷೆ ಎಂದೇ ಹೆಸರು. ಸೆರ್ವಾಂಟಿಸ್‌ನ ಲೊತಾರಿಯೋ ಈಗ ಬಾಡಿಗೆಗೆ ಸಿಗುತ್ತಾನೆ. ಆ ಸಂದೇಶಕ್ಕೆ ಒಂದು ಉತ್ತರ ಬಂದರೆ ಅದರಿಂದ ಏನು ಸಾಬೀತಾಗುತ್ತದೆ? ಯಾರೋ ಹೊಗಳಿದರೆ ಅವರಿಗೆ ಖುಷಿಯಾಗುತ್ತದೆ ಎಂದು. ಅದು ನಮಗೆಲ್ಲ ಆಗುತ್ತದೆ. ಅಷ್ಟೇ ಅಲ್ಲ, ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗಿನ ಜೈಲಿನ ವಿಷಯ. ಫೋಟೋ ಯಾರದ್ದು ಬಳಸಿದಿರೋ ಆ ಮೂರನೆಯ ವ್ಯಕ್ತಿಗೂ ಒಂದು ಮಾನವಿದೆ.

ಪರೀಕ್ಷೆಯ ತಂಗಿ ಇನ್ನೊಬ್ಬಳಿದ್ದಾಳೆ, ಉರಿಸುವುದು. ಗಂಡನ ಗಮನ ಸಾಲದು ಎಂದು ಸಹೋದ್ಯೋಗಿಯ ಹೊಗಳಿಕೆ, ಹೆಂಡತಿ ಮುನಿಸಿಕೊಂಡಿದ್ದಾಳೆ ಎಂದು ಹಳೆಯ ಗೆಳತಿಯ ಫೋಟೋಗೆ ಲೈಕು. ಅಮೆರಿಕದ ಸಂಶೋಧಕ ಗ್ರೆಗರಿ ವೈಟ್ 1980ರಲ್ಲಿ ಜೋಡಿಗಳನ್ನು ಅಧ್ಯಯನ ಮಾಡಿ ಕಂಡದ್ದು ಇಷ್ಟು: ಬೇಕೆಂದೇ ಉರಿಸುವುದು ಹೆಂಗಸರಲ್ಲಿ ಹೆಚ್ಚು. ಅದರಲ್ಲೂ ಈ ಸಂಬಂಧಕ್ಕೆ ಅವನಿಗಿಂತ ನಾನೇ ಹೆಚ್ಚು ಜೋತುಬಿದ್ದಿದ್ದೇನೆ ಎಂದುಕೊಂಡವರಲ್ಲಿ ಹೆಚ್ಚು. ಅಂದರೆ ಅದು ಚೆಲ್ಲಾಟಕ್ಕಿಂತ ಹೆಚ್ಚಾಗಿ ಕೈ ಸೋತವರ ಅಸ್ತ್ರ. ಫ್ರಾಯ್ಡ್ 1922ರಲ್ಲಿ ಅಸೂಯೆಯನ್ನು ಮೂರು ಪದರ ಮಾಡಿದ: ಎಲ್ಲರಿಗೂ ಇರುವ ಸಹಜದ್ದು, ತನ್ನೊಳಗಿನ ಚಪಲವನ್ನು ಸಂಗಾತಿಯ ಮೇಲೆ ಹೊರಿಸುವಂಥದ್ದು, ಮತ್ತು ಯಾವ ಪುರಾವೆಗೂ ಬಗ್ಗದ ಭ್ರಮೆ. ಎರಡನೆಯದು ನಮ್ಮ ಅಪ್ಪಣ್ಣ. ಮೂರನೆಯದನ್ನು ವೈದ್ಯರು ಒಥೆಲೊ ಸಿಂಡ್ರೋಮ್ ಅನ್ನುತ್ತಾರೆ. ನಮ್ಮ ಕಡೆ ಸಂಶಯ ಪಿಶಾಚಿ ಹಿಡಿದಿದೆ ಎಂದು ಬಿಟ್ಟುಬಿಡುತ್ತೇವೆ. ಅದು ಹೆಚ್ಚಾಗಿ ಅತಿಕುಡಿತದ ಜೊತೆ ಬರುತ್ತದೆ, ಕೆಲವು ಮಾನಸಿಕ ಮತ್ತು ಮೆದುಳಿನ ಕಾಯಿಲೆಗಳಲ್ಲೂ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಕೊಲೆಯಲ್ಲಿ ಮುಗಿಯುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಇಬ್ಬರೂ ಬಲ್ಲ ಆಟವಾದರೆ, ಹೆಬ್ಬೆರಳು ಎತ್ತಿದರೆ ನಿಲ್ಲುವಂತಿದ್ದರೆ, ಅದು ನಿಮ್ಮ ಮನೆಯ ವಿಷಯ, ಅಂಕಣಕಾರರಿಗೆ ಅಲ್ಲಿ ಕೆಲಸವಿಲ್ಲ. ಗುಟ್ಟಾಗಿ ತೆರೆದ ಸುಳ್ಳು ಖಾತೆಯಿದ್ದರೆ ಇವತ್ತೇ ಅಳಿಸಿ. ಕೇಳಬೇಕಾದ ಪ್ರಶ್ನೆಯಿದ್ದರೆ ನಿಮ್ಮ ಸ್ವಂತ ಹೆಸರಿನಲ್ಲೇ ಕೇಳಿ. ಫೋನ್ ತಪಾಸಣೆ, ಬಟ್ಟೆ ಮೂಸುವುದು, ಬೀಗ ಹಾಕುವುದು, ಇಂಥದ್ದು ದಿನನಿತ್ಯದ್ದಾಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಡೆತ ಬಡಿತದ ತನಕ ಹೋಗಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.